ಪೇಂಟ್‌ಬಾಲ್ ಹಾಪರ್: ಮೊದಲ ಸಲ ಯಾವುದು ತಗೋಬೇಕು?

ರೆಸಾರ್ಟ್ ಟ್ರಿಪ್‌ನಲ್ಲಿ ಪೇಂಟ್‌ಬಾಲ್ ಆಡಿದವರು ನಮ್ಮ ಕ್ಯಾಂಪಸ್‌ನಲ್ಲೂ ಇದ್ದೀರ. ಗನ್ ಮೇಲೆ ಬಾಲ್ ತುಂಬೋ ಪ್ಲಾಸ್ಟಿಕ್ ಡಬ್ಬಿ ಇರುತ್ತಲ್ಲ, ಅದೇ ಹಾಪರ್. ಗನ್‌ಗೆ ಆಟಗಾರರು ಮಾರ್ಕರ್ ಅಂತಾರೆ. ಸ್ವಂತದ್ದು ತಗೊಳ್ಳೋವಾಗ ಕೆಲವರು ಹಾಪರ್ ಬಗ್ಗೆ ಯೋಚನೇನೇ ಮಾಡಲ್ಲ, ಕೆಲವರು ಅತಿ ದುಬಾರಿಯದನ್ನೇ ತಗೋತಾರೆ. ಎರಡರಲ್ಲೂ ದುಡ್ಡು ದಂಡ. ಹಾಪರ್ ಆರಿಸಬೇಕಾದ್ದು ನಿಮ್ಮ ಮಾರ್ಕರ್‌ನ ವೇಗ ನೋಡಿ.

1981ರ ಜೂನ್ 27ರಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 12 ಜನ ಮೊದಲ ಪೇಂಟ್‌ಬಾಲ್ ಆಟ ಆಡಿದಾಗ ಹಾಪರ್ ಬೇಕಾಗಿರಲಿಲ್ಲ. ಮರಗಳಿಗೆ ಗುರುತು ಹಾಕೋ ನೆಲ್‌ಸ್ಪಾಟ್ 007 ಅವರ ಕೈಯಲ್ಲಿತ್ತು. ಪ್ರತಿ ಹೊಡೆತಕ್ಕೂ ಕೈಯಿಂದ ಕಾಕ್ ಮಾಡಬೇಕಿತ್ತು. ಸೆಮಿ ಆಟೋಮ್ಯಾಟಿಕ್ ಬಂದ ಮೇಲೆ ಬಾಲ್ ಎಷ್ಟು ಬೇಗ ಕೆಳಗಿಳಿಯುತ್ತೆ ಅನ್ನೋದು ಮುಖ್ಯವಾಯ್ತು.

ಫಿಸಿಕ್ಸ್ ಸರಳ. ಬಾಲ್ 0.68 ಇಂಚು, ಅಂದ್ರೆ ಸುಮಾರು 17.3 ಮಿ.ಮೀ. ನಿಂತಲ್ಲಿಂದ ಅಷ್ಟು ದೂರ ಬೀಳೋಕೆ ಸುಮಾರು 0.06 ಸೆಕೆಂಡ್ ಬೇಕು. ಹಾಗಾದ್ರೆ ಸೆಕೆಂಡಿಗೆ 16 ಬಾಲ್! ಆದರೆ ಇದು ಪೇಪರ್ ಮೇಲಿನ ಲೆಕ್ಕ. ಡಬ್ಬಿಯ ಬಾಯಲ್ಲಿ ಎರಡು ಮೂರು ಬಾಲ್ ಒಂದಕ್ಕೊಂದು ಒರಗಿ ಕಮಾನು ಕಟ್ಟಿಬಿಡುತ್ತವೆ. ಹಿಟ್ಟಿನ ಗಿರಣಿಯಲ್ಲಿ ಕಾಳು ಸಿಕ್ಕಿಕೊಂಡಾಗ ತಟ್ಟುತ್ತಾರಲ್ಲ, ಅದೇ ಕಥೆ. ಹಾಗಾಗಿ ಗ್ರಾವಿಟಿ ಹಾಪರ್‌ನಿಂದ ಇದರ ಅರ್ಧದಷ್ಟು ಸಿಕ್ಕರೆ ಹೆಚ್ಚು.

ಬಾಲ್ ಅರ್ಧ ಇಳಿದಿರುವಾಗ ಬೋಲ್ಟ್ ಮುಂದೆ ಬಂದರೆ ಜೆಲಟಿನ್ ಸಿಪ್ಪೆ ಒಡೆದು ಒಳಗೆಲ್ಲ ಬಣ್ಣ. ಇದಕ್ಕೆ ಚಾಪ್ ಅಂತಾರೆ. ಆಮೇಲೆ ಬ್ಯಾರಲ್ ಒರೆಸೋವರೆಗೂ ಗುರಿ ನೆಟ್ಟಗಿರಲ್ಲ.

ಹಾಪರ್‌ಗಳಲ್ಲಿ ಮೂರು ಬಗೆ:

ಗ್ರಾವಿಟಿ: ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ, ಕೆಡೋಕೆ ಏನೂ ಇಲ್ಲ. ಸಾಮಾನ್ಯವಾಗಿ 200 ಬಾಲ್ ಹಿಡಿಯುತ್ತೆ. ಆಗಾಗ ಮಾರ್ಕರ್ ಅಲ್ಲಾಡಿಸ್ತಾ ಇರಬೇಕು, ಅಷ್ಟೇ.

ಅಜಿಟೇಟರ್: ಒಳಗೆ ಪುಟ್ಟ ಮೋಟಾರ್ ರೆಕ್ಕೆ ತಿರುಗಿಸಿ ಕಮಾನು ಒಡೆಯುತ್ತೆ. ಆದರೆ ಬಾಲ್ ಬೀಳೋದು ತನ್ನ ತೂಕದಿಂದಲೇ.

ಫೋರ್ಸ್ ಫೀಡ್: ಬಾಲ್‌ಗಳನ್ನು ಕೆಳಕ್ಕೆ ತಳ್ಳುತ್ತೆ. ವೇಗ ಜಾಸ್ತಿ, ಬೆಲೇನೂ ಜಾಸ್ತಿ.

ಟ್ರಿಗರ್ ಎಳೆದಷ್ಟೇ ಹೊಡೆಯೋ ಮೆಕ್ಯಾನಿಕಲ್ ಮಾರ್ಕರ್ ನಿಮ್ಮದಾದರೆ ಗ್ರಾವಿಟಿಯಿಂದ ಶುರು ಮಾಡಿ. ಬೇಗ ಬೇಗ ಹೊಡೆಯೋ ಅಭ್ಯಾಸ ಇದ್ದು ಪದೇ ಪದೇ ಚಾಪ್ ಆಗ್ತಿದ್ರೆ ಅಜಿಟೇಟರ್ ನೋಡಿ. ಫೋರ್ಸ್ ಫೀಡ್‌ನ ನಿಜವಾದ ಉಪಯೋಗ ಎಲೆಕ್ಟ್ರಾನಿಕ್ ಮಾರ್ಕರ್‌ಗೆ. ನಿಧಾನದ ಮಾರ್ಕರ್‌ಗೆ ಅದನ್ನು ಹಾಕಿದ್ರೆ ಮಾರ್ಕರ್ ವೇಗ ಒಂಚೂರೂ ಹೆಚ್ಚಲ್ಲ.

ಕೊಳ್ಳೋ ಮುಂಚೆ ಮೂರು ವಿಷಯ ನೋಡಿ. ಹಾಪರ್ ಕುತ್ತಿಗೆ ನಿಮ್ಮ ಮಾರ್ಕರ್‌ಗೆ ಅಲ್ಲಾಡದೆ ಕೂರುತ್ತಾ? ಓಡುವಾಗ ಮುಚ್ಚಳ ತಾನಾಗೇ ತೆರೆಯಲ್ವಾ? ತುಂಬಿದಾಗ ಕೈಗೆ ಭಾರ ಅನ್ಸುತ್ತಾ? ಒಂದು ಬಾಲ್ ಸುಮಾರು 3 ಗ್ರಾಂ, ಅಂದ್ರೆ 200ಕ್ಕೆ 600 ಗ್ರಾಂ ಮಾರ್ಕರ್ ತಲೆ ಮೇಲೆ. ಇನ್ನು ಬಾಲ್‌ಗಳನ್ನು ತೇವದಲ್ಲಿ ಇಡಬೇಡಿ. ಜೆಲಟಿನ್ ಉಬ್ಬಿದ್ರೆ ಎಂಥಾ ಹಾಪರ್ ಆದರೂ ಸಿಕ್ಕಿಕೊಳ್ಳುತ್ತೆ.

ಹಾಗೆ ಸಿಕ್ಕಿಕೊಂಡಾಗ ಎಲ್ಲರಿಗೂ ಮೊದಲು ಬರೋ ಯೋಚನೆ, ಮಾಸ್ಕ್ ಎತ್ತಿ ಒಳಗೆ ನೋಡೋಣ ಅಂತ. ದಯವಿಟ್ಟು ಬೇಡ. ಸೆಕೆಂಡಿಗೆ ಸುಮಾರು 85 ಮೀಟರ್ ವೇಗದಲ್ಲಿ ಬರೋ ಬಾಲ್ ಕಣ್ಣನ್ನೇ ತೆಗೆಯಬಹುದು. ಮೈದಾನದಿಂದ ಆಚೆ ಸುರಕ್ಷಿತ ಜಾಗಕ್ಕೆ ಬಂದ ಮೇಲೇನೇ ಮಾಸ್ಕ್ ತೆಗೀರಿ.