ಸಣ್ಣ ಟಾರ್ಚೋ, ದೊಡ್ಡ ಟಾರ್ಚೋ?

ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಂದಾಗ ನೀರು ಹಾಯಿಸಲು ಹೋಗುವ ರೈತರು ಟಾರ್ಚು ಕೊಳ್ಳುವಾಗ ಸಾಮಾನ್ಯವಾಗಿ ಅದರ ಗಾತ್ರವನ್ನೇ ನೋಡುತ್ತಾರೆ. ಬಗೆಬಗೆಯ ಟಾರ್ಚುಗಳನ್ನು ಕೂಡಿಟ್ಟು ಹೋಲಿಸುವುದು ನನ್ನ ಬಹುಕಾಲದ ಹವ್ಯಾಸ. (ಮನೆಯವರು ಇದನ್ನು ಹುಚ್ಚೆನ್ನುತ್ತಾರೆ.) ದೊಡ್ಡದೇ ಎಲ್ಲ ಕೆಲಸಕ್ಕೂ ಮೇಲೆಂಬುದು ಸರಿಯಲ್ಲ.

ಒಂದೇ ಬಗೆಯ ಎಲ್.ಇ.ಡಿ. ದೀಪವಿದ್ದರೂ ಅಗಲವಾದ ಪ್ರತಿಫಲಕವು ಬೆಳಕನ್ನು ಕೋಲಿನಂತೆ ಕೂಡಿಸಿ ದೂರಕ್ಕೆ ಎಸೆಯುತ್ತದೆ. ಅಂತರ ಎರಡರಷ್ಟಾದರೆ ಬೆಳಕಿನ ತೀವ್ರತೆ ಕಾಲುಭಾಗಕ್ಕೆ ಇಳಿಯುವುದರಿಂದ, ತೋಟದಂಚಿಗೆ ಬಂದ ಹಂದಿಯನ್ನು ಗುರುತಿಸಲು ಇಂಥದೇ ಬೇಕು. ಆದರೆ ಇದನ್ನೇ ಕಾಲಬುಡಕ್ಕೆ ಹಿಡಿದರೆ ನಡುವೆ ಕಣ್ಣು ಕೋರೈಸುವ ಬಿಳಿ ಚುಕ್ಕೆ, ಸುತ್ತ ಕತ್ತಲೆ. ಕೊಳಕುಮಂಡಲ, ಕಟ್ಟುಹಾವುಗಳು ಸಂಚರಿಸುವುದು ಹೆಚ್ಚಾಗಿ ರಾತ್ರಿಯಲ್ಲೇ. ಅಪಾಯವಿರುವುದು ಬದುವಿನ ಹುಲ್ಲಿನಲ್ಲಿ, 100 ಮೀಟರ್ ಆಚೆಯಲ್ಲ. ಅಲ್ಲಿ ಹರಡಿ ಬೀಳುವ ಸಣ್ಣ ಟಾರ್ಚಿನ ಬೆಳಕೇ ಲೇಸು. ತಲೆಗೆ ಕಟ್ಟುವಂಥದಾದರೆ ಗುದ್ದಲಿ ಹಿಡಿಯಲು ಎರಡೂ ಕೈ ಬಿಡುವಾಗಿರುತ್ತವೆ.

ಸಣ್ಣದಕ್ಕೆ ಒಂದು ಕೊರತೆಯುಂಟು. ಅದರ ಮೈ ಬೇಗ ಬಿಸಿಯಾಗುತ್ತದೆ. ಪೂರ್ಣ ಬೆಳಕಿನಲ್ಲಿಟ್ಟರೆ ಹಲವು ಟಾರ್ಚುಗಳು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಮಂಕಾಗುತ್ತವೆ. ಆದ್ದರಿಂದ ಮಧ್ಯಮ ಬೆಳಕಿನಲ್ಲಿ ಬಳಸುವುದು ಒಳ್ಳೆಯದು. ಕೋಶವೂ ಹೆಚ್ಚು ಹೊತ್ತು ಬಾಳುತ್ತದೆ. ಒಣಕೋಶ ಹಾಕುವ ಟಾರ್ಚಾದರೆ, ಬಳಸದ ದಿನಗಳಲ್ಲಿ ಕೋಶಗಳನ್ನು ಹೊರತೆಗೆದಿಡಿರಿ. ಒಳಗೇ ಸೋರಿದರೆ ಟಾರ್ಚು ಕೆಡುತ್ತದೆ.

ಕೊಳ್ಳುವ ಮುನ್ನ ಅಂಗಡಿಯ ಕತ್ತಲ ಮೂಲೆಯಲ್ಲಿ ಸೊಂಟದೆತ್ತರದಿಂದ ನೆಲಕ್ಕೆ ಬೆಳಕು ಬಿಟ್ಟು ನೋಡಿರಿ. ಎರಡು ಹೆಜ್ಜೆಯಗಲದ ನೆಲವಾದರೂ ಸಮನಾಗಿ ಕಾಣಬೇಕು.