ಬೆಟ್ಟವನ್ನೇರಿದ ಕೀಲು ಎಂಜಿನ್ನುಗಳು

ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಆಗ್ಡನ್ ಎಂಬ ಊರಿನಿಂದ ಪೂರ್ವಕ್ಕೆ ಹೊರಡುವ ರೈಲುದಾರಿ ವಾಸಾಚ್ ಬೆಟ್ಟಗಳನ್ನು ಹತ್ತುತ್ತದೆ. ಏರು ಶೇಕಡ 1.14, ಎಂದರೆ ಪ್ರತಿ ನೂರು ಅಡಿಗೆ ಒಂದು ಅಡಿಗಿಂತ ತುಸು ಹೆಚ್ಚು. ಕಾಲುನಡಿಗೆಯವನಿಗೆ ಅದು ಏರೆಂದೇ ತೋರದು. ಆದರೆ ನುಣುಪಾದ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಗಳನ್ನುರುಳಿಸುತ್ತ ಸಾವಿರಾರು ಟನ್ನು ಸರಕನ್ನು ಎಳೆಯಬೇಕಾದ ಉಗಿಬಂಡಿಗೆ ಅದೇ ಮಹಾಪರ್ವತ. ಯೂನಿಯನ್ ಪೆಸಿಫಿಕ್ ರೈಲ್ವೆಯವರು ಭಾರದ ಗಾಡಿಗಳಿಗೆ ಇಲ್ಲಿ ಸಹಾಯಕ ಎಂಜಿನ್ನುಗಳನ್ನು ಹೂಡಬೇಕಾಗುತ್ತಿತ್ತು. ಹೂಡಲು ಹೊತ್ತು, ಬಿಚ್ಚಲು ಹೊತ್ತು, ಬರಿದೇ ಹಿಂದಿರುಗಿಸಲು ಮತ್ತಷ್ಟು ಹೊತ್ತು. ಒಂದೊಂದಕ್ಕೂ ಬೇರೆ ಚಾಲಕ, ಬೇರೆ ಫೈರ್‌ಮನ್. ಒಂದೇ ಎಂಜಿನ್ನು 3,600 ಟನ್ನನ್ನು ಯಾರ ನೆರವೂ ಇಲ್ಲದೆ ಮೇಲಕ್ಕೊಯ್ಯಲಾದೀತೆ ಎಂಬುದು ಅವರು ತಮ್ಮ ಎಂಜಿನಿಯರುಗಳ ಮುಂದಿಟ್ಟ ಪ್ರಶ್ನೆ.

ಲೆಕ್ಕವನ್ನು ವಾಚಕರೂ ನಮ್ಮೊಡನೆ ಹಾಕಬಹುದು. ಅಲ್ಲಿಯ ಟನ್ನು 2,000 ಪೌಂಡು. 3,600 ಟನ್ನಿನ ಶೇಕಡ 1.14 ಎಂದರೆ ಸುಮಾರು 82,000 ಪೌಂಡು. ಬೆಟ್ಟದ ಇಳಿಜಾರೊಂದೇ ಗಾಡಿಯನ್ನು ಇಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಎಂಜಿನ್ನು ತನ್ನ ಭಾರವನ್ನು ತಾನೇ ಹೊತ್ತೇರುವುದಕ್ಕೆ ಇನ್ನು 13,000 ಪೌಂಡಿಗೂ ಮೇಲೆ. ಘರ್ಷಣೆ, ಗಾಳಿ ಬೇರೆ. ಅಂತೂ ಒಂದು ಲಕ್ಷ ಪೌಂಡನ್ನು ಮೀರಿದ ಸೆಳೆತ ಬೇಕು. ಇನ್ನು, ಚಕ್ರ ಜಾರದಿರಬೇಕಾದರೆ ಎಳೆಯುವ ಚಕ್ರಗಳ ಮೇಲಿನ ಭಾರ ಸೆಳೆತದ ಸುಮಾರು ನಾಲ್ಕರಷ್ಟಿರಬೇಕೆಂಬುದು ಉಗಿಬಂಡಿಯ ವಿನ್ಯಾಸಕರ ಹಳೆಯ ಅನುಭವ. ಒಂದು ಅಚ್ಚಿನ ಮೇಲೆ ಹೊರಿಸಬಹುದಾದ ಭಾರಕ್ಕೆ ಹಳಿ ಸೇತುವೆಗಳು ಮಿತಿಯಿಡುತ್ತವೆ. ಆದುದರಿಂದ ಎಂಟು ಅಚ್ಚುಗಳು ಬೇಕಾದುವು. ಎಂಟು ಅಚ್ಚುಗಳನ್ನು ಒಂದೇ ಬಿಗಿಯಾದ ಚೌಕಟ್ಟಿನಲ್ಲಿ ಸಾಲಾಗಿ ಕೂರಿಸಿದರೆ ಆ ಬಂಡಿ ಬೆಟ್ಟದ ತಿರುವುಗಳಲ್ಲಿ ತಿರುಗುವುದೆಂತು? ಉದ್ದನೆಯ ದೂಲವನ್ನು ಓಣಿಯ ಮೂಲೆಯಲ್ಲಿ ತಿರುಗಿಸಲು ಹೊರಟವನ ಪಾಡೇ ಅದರದೂ.

ಇದಕ್ಕೆ ಉಪಾಯವನ್ನು ಸ್ವಿಟ್ಸರ್ಲೆಂಡಿನ ಅನತೋಲ್ ಮಾಲೆ 1884ರಲ್ಲಿಯೇ ಸೂಚಿಸಿದ್ದನು. ಒಂದೇ ಬಾಯ್ಲರಿನ ಕೆಳಗೆ ಎರಡು ಚಕ್ರತಂಡಗಳು. ಹಿಂದಿನದು ಬಾಯ್ಲರಿಗೆ ಭದ್ರವಾಗಿ ಸೇರಿರುತ್ತದೆ. ಮುಂದಿನದು ಬಾಗಿಲಿನಂತೆ ಕೀಲಿನ ಮೇಲೆ ಅತ್ತಿತ್ತ ತಿರುಗುತ್ತದೆ, ಬಾಯ್ಲರಿನ ಮುಂಭಾಗ ಅದರ ಮೇಲೆ ಜಾರುತ್ತದೆ. ಉಗಿಯನ್ನು ಮೊದಲು ಹಿಂದಿನ ಸಿಲಿಂಡರುಗಳಲ್ಲಿ ದುಡಿಸಿ, ಒತ್ತಡ ಇಳಿದ ಮೇಲೆ ಮುಂದಿನವುಗಳಿಗೆ ಕಳುಹಿಸುವುದು ಅವನ ಜಾಣತನ. ಅಲುಗಾಡುವ ಕೊಳವೆಗಳಲ್ಲಿ ಹರಿಯುವುದು ಕಡಿಮೆ ಒತ್ತಡದ ಉಗಿ ಮಾತ್ರವಾದ್ದರಿಂದ ಸೋರಿಕೆ ಕಡಿಮೆ. ಅಮೆರಿಕದಲ್ಲಿ ಈ ಬಗೆಯ ಮೊದಲ ಎಂಜಿನ್ನು 1904ರಲ್ಲಿ ಬಾಲ್ಟಿಮೋರ್ ಮತ್ತು ಓಹಾಯೋ ರೈಲ್ವೆಗೆ ಬಂದಿತು. ಆದರೆ ಇಳಿದ ಒತ್ತಡದಿಂದ ಕೆಲಸ ತೆಗೆಯಲು ಮುಂದಿನ ಸಿಲಿಂಡರುಗಳು ದೊಡ್ಡವಾಗುತ್ತ ಹೋಗಬೇಕು. ವರ್ಜೀನಿಯನ್ ರೈಲ್ವೆಯ 1918ರ ಎಂಜಿನ್ನುಗಳಲ್ಲಿ ಅವುಗಳ ವ್ಯಾಸ 48 ಅಂಗುಲ! ಇಂಥ ಪಿಸ್ಟನ್ನುಗಳನ್ನು ಹೊತ್ತ ಬಂಡಿ ಆಮೆನಡಿಗೆಯಲ್ಲಿ ಬೆಟ್ಟವೇರೀತೇ ಹೊರತು ಓಡಲಾರದು.

ಗಾತ್ರದ ಹಂಬಲ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಈರಿ ರೈಲ್ವೆಯ 1914ರ ಮೂರುತಂಡದ ಎಂಜಿನ್ನು ಸಾಕ್ಷಿ. ಕಲ್ಲಿದ್ದಲು ನೀರು ತುಂಬಿದ ಟೆಂಡರಿನ ಕೆಳಗೂ ಅದಕ್ಕೆ ಒಂದು ಚಕ್ರತಂಡವಿದ್ದಿತು. ಕಾಗದದ ಮೇಲೆ ಸೆಳೆತವೇನೋ ಅದ್ಭುತ. ಆದರೆ ಆರು ಸಿಲಿಂಡರುಗಳ ಹಸಿವನ್ನು ಒಂದು ಬಾಯ್ಲರು ತಣಿಸಲಿಲ್ಲ. ಉಗಿಬಂಡಿಯ ಕುಲುಮೆಗೆ ಗಾಳಿಯೆಳೆಯುವುದು ಚಿಮಣಿಯ ಮೂಲಕ ಭುಸುಗುಟ್ಟಿ ಹೊರಬೀಳುವ ಬಳಸಿದ ಉಗಿಯೇ ಎಂಬುದನ್ನು ನೆನೆಯಬೇಕು. ಇಲ್ಲಿ ಹಿಂದಿನ ತಂಡದ ಉಗಿ ಟೆಂಡರಿನ ಹಿಂಬದಿಯಿಂದಲೇ ಹೊರಟುಹೋಗುತ್ತಿದ್ದುದರಿಂದ ಬೆಂಕಿಗೆ ಉಸಿರೇ ಸಾಲದಾಯಿತು. ಮೇಲಾಗಿ ನೀರು ಕಲ್ಲಿದ್ದಲು ಖರ್ಚಾದಂತೆಲ್ಲ ಹಿಂದಿನ ಚಕ್ರಗಳು ಹಗುರಾಗಿ ಜಾರತೊಡಗುವುವು. ಗಂಟೆಗೆ ಹತ್ತು ಮೈಲಿಯನ್ನು ದಾಟುವುದೇ ಅದಕ್ಕೆ ಕಷ್ಟವಾಯಿತು. ಎಂಜಿನ್ನಿನ ಶಕ್ತಿ ಚಕ್ರದಲ್ಲಿಲ್ಲ, ಕುಲುಮೆಯಲ್ಲಿದೆ ಎಂಬುದನ್ನು ಇಷ್ಟು ದುಬಾರಿಯಾಗಿ ಕಲಿತವರು ವಿರಳ.

ಇಂಗ್ಲೆಂಡಿನ ಹರ್ಬರ್ಟ್ ಗ್ಯಾರಟ್ ಬೇರೆಯೇ ದಾರಿ ಹಿಡಿದನು. ಎರಡು ಚಕ್ರತಂಡಗಳ ನಡುವೆ ಬಾಯ್ಲರನ್ನು ಪಲ್ಲಕ್ಕಿಯಂತೆ ತೂಗುಹಾಕಿದನು. ಕೆಳಗೆ ಚಕ್ರಗಳ ತೊಡಕಿಲ್ಲದ್ದರಿಂದ ಕುಲುಮೆ ಬೇಕಾದಷ್ಟು ಆಳವಾಗಬಹುದು. ಬಂಗಾಳ ನಾಗಪುರ ರೈಲ್ವೆಯಲ್ಲಿ ಓಡಿದ 234 ಟನ್ನಿನ ‘ಎನ್’ ವರ್ಗದ ಬಂಡಿಗಳು ಈ ಜಾತಿಯವು. ಅವುಗಳಲ್ಲಿ 815ನೆಯ ಸಂಖ್ಯೆಯದನ್ನು ದೆಹಲಿಯ ರೈಲ್ವೆ ಸಂಗ್ರಹಾಲಯದಲ್ಲಿ ನೋಡಬಹುದು.

ವಾಸಾಚಿಗೆ ಮರಳೋಣ. ಆಟೋ ಜೇಬಲ್‌ಮನ್ನನ ಮುಂದಾಳುತನದಲ್ಲಿ ಯೂನಿಯನ್ ಪೆಸಿಫಿಕ್ ಎಂಜಿನಿಯರುಗಳೂ ಸ್ಕೆನೆಕ್ಟಡಿಯ ಅಮೆರಿಕನ್ ಲೋಕೊಮೋಟಿವ್ ಕಂಪೆನಿಯವರೂ ಕೂಡಿ ರೂಪಿಸಿದ ಬಂಡಿಗಳು 1941ರಲ್ಲಿ ಬಂದುವು. ಆ ವರ್ಷ 20, ಯುದ್ಧದ ಒತ್ತಡದಲ್ಲಿ 1944ರಲ್ಲಿ ಇನ್ನು 5. ಟೆಂಡರೂ ಸೇರಿ ಉದ್ದ 132 ಅಡಿಗೂ ಹೆಚ್ಚು. ಭಾರ ಸುಮಾರು 12 ಲಕ್ಷ ಪೌಂಡು. ಕಾರ್ಖಾನೆಯ ಯಾರೋ ಕೆಲಸಗಾರನೊಬ್ಬ ಅದರ ಮುಂಭಾಗದಲ್ಲಿ ಸೀಮೆಸುಣ್ಣದಿಂದ ‘ಬಿಗ್ ಬಾಯ್’ ಎಂದು ಗೀಚಿದನಂತೆ. ‘ದೊಡ್ಡ ಹುಡುಗ’ನೆಂಬ ಆ ಹೆಸರೇ ನಿಂತುಹೋಯಿತು.

ಮಾಲೆಯ ಕೀಲನ್ನು ಉಳಿಸಿಕೊಂಡರೂ ಅವನ ಉಗಿಯ ಕ್ರಮವನ್ನು ಇವರು ಬಿಟ್ಟುಕೊಟ್ಟರು. ನಾಲ್ಕು ಸಿಲಿಂಡರಿಗೂ ಚದರ ಅಂಗುಲಕ್ಕೆ 300 ಪೌಂಡು ಒತ್ತಡದ ಬಾಯ್ಲರಿನಿಂದ ನೇರವಾಗಿ ಉಗಿ. ಅದರಿಂದಾಗಿ ಸಿಲಿಂಡರುಗಳು 23¾ ಅಂಗುಲಕ್ಕೆ ಇಳಿದುವು, ಚಕ್ರಗಳನ್ನು 68 ಅಂಗುಲಕ್ಕೆ ಏರಿಸಬಹುದಾಯಿತು. ಕುಲುಮೆಯ ಜಾಲರಿ 150 ಚದರ ಅಡಿ. 15 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನೆಲದಷ್ಟು. ಸಲಿಕೆ ಹಿಡಿದ ಮನುಷ್ಯನಿಂದ ಇದನ್ನುರಿಸುವುದು ಆಗದ ಮಾತು. ತಿರುಪು ಯಂತ್ರವೊಂದು ಕಲ್ಲಿದ್ದಲನ್ನು ಒಳಕ್ಕೆ ನೂಕುತ್ತಿದ್ದಿತು.

ನಮ್ಮ ಕಣ್ಣಿಗೆ ಈ ಗಾತ್ರಕ್ಕಿಂತ ಕೀಲಿನ ಸುಧಾರಣೆಯೇ ಹೆಚ್ಚಿನದು. ಹಳೆಯ ಬಂಡಿಗಳಲ್ಲಿ ಮುಂದಿನ ತಂಡ ಅಕ್ಕಪಕ್ಕಕ್ಕಷ್ಟೇ ಅಲ್ಲದೆ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದುದರಿಂದ ವೇಗ ಹೆಚ್ಚಿದೊಡನೆ ಓಲಾಟ ಶುರುವಾಗುತ್ತಿದ್ದಿತು. ಇಲ್ಲಿ ಕೀಲಿಗೆ ಅಕ್ಕಪಕ್ಕದ ಚಲನೆಯನ್ನು ಮಾತ್ರ ಬಿಟ್ಟು, ಹಳಿಯ ತಗ್ಗುದಿಣ್ಣೆಗಳನ್ನು ಸ್ಪ್ರಿಂಗುಗಳಿಗೆ ಒಪ್ಪಿಸಿದರು. ಗಂಟೆಗೆ 80 ಮೈಲಿ ವೇಗಕ್ಕೂ ತಕ್ಕಂತೆ ವಿನ್ಯಾಸ ಮಾಡಲು ಇದರಿಂದಲೇ ಸಾಧ್ಯವಾಯಿತು. ತಿರುವಿನಲ್ಲಿ ಬಾಯ್ಲರಿನ ಮೂತಿ ಮಾತ್ರ ಹೊರಕ್ಕೆ ಚಾಚುತ್ತಿದ್ದುದರಿಂದ ಕೆಲವೆಡೆ ಹಳಿಗಳನ್ನೇ ಸರಿಸಬೇಕಾಯಿತು. ಬಂಡಿಯನ್ನು ತಿರುಗಿಸಲು 135 ಅಡಿಯ ತಿರುಗುವೇದಿಕೆಗಳನ್ನು ಕಟ್ಟಬೇಕಾಯಿತು.

ಫಲವೇನು? ಹೊರಡುವಾಗಿನ ಸೆಳೆತ 1,35,375 ಪೌಂಡು; ಎಳೆಯುವ ಚಕ್ರಗಳ ಮೇಲಿನ ಭಾರ 5,40,000. ಹಳೆಯ ನಾಲ್ಕರ ಲೆಕ್ಕ ಇಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲವೆನ್ನಬಹುದು. 1943ರ ಪರೀಕ್ಷೆಗಳಲ್ಲಿ ಗಂಟೆಗೆ ಸುಮಾರು 41 ಮೈಲಿ ವೇಗದಲ್ಲಿ, ಗಾಡಿಯನ್ನೆಳೆಯುವ ಕೊಂಡಿಯಲ್ಲಿ ಅಳೆದಾಗ, 6,290 ಅಶ್ವಶಕ್ತಿ ಕಂಡಿತು. ಯುದ್ಧಕಾಲದ ಸರಕನ್ನು ಬೆಟ್ಟ ದಾಟಿಸಿದ್ದು ಈ ಬಂಡಿಗಳೇ.

ಆದರೂ ಇಪ್ಪತ್ತು ವರ್ಷ ತುಂಬುವ ಮೊದಲೇ, 1959ರ ಜುಲೈಯಲ್ಲಿ, ಅವುಗಳ ಸರಕುಸೇವೆ ಮುಗಿಯಿತು. ಡೀಸಲ್ ಎಂಜಿನ್ನಿಗೆ ದಾರಿಯುದ್ದಕ್ಕೂ ನೀರು ಬೇಡ, ಬೂದಿ ಬಳಿಯಬೇಕಿಲ್ಲ. ಅದಕ್ಕಿಂತ ಮುಖ್ಯವಾಗಿ, ನಾಲ್ಕು ಡೀಸಲುಗಳನ್ನು ತಂತಿಯಿಂದ ಕೂಡಿಸಿದರೆ ಒಬ್ಬನೇ ಚಾಲಕ ಎಲ್ಲವನ್ನೂ ನಡೆಸಬಲ್ಲನು. ಒಂದೇ ತಂಡದ ಆಳುಗಳು, ಬೇಕಾದಷ್ಟು ಅಚ್ಚುಗಳು: ಮಾಲೆ ಕೀಲಿನಿಂದ ಸಾಧಿಸಿದ್ದನ್ನು ಅವು ತಂತಿಯಿಂದ ಸಾಧಿಸಿದುವು.

ಇಪ್ಪತ್ತೈದರಲ್ಲಿ ಎಂಟು ಬಂಡಿಗಳು ಉಳಿದಿವೆ. ಕ್ಯಾಲಿಫೋರ್ನಿಯದ ಪೊಮೋನದಲ್ಲಿ ಪ್ರದರ್ಶನಕ್ಕೆ ನಿಂತಿದ್ದ 4014ನೆಯದನ್ನು ಯೂನಿಯನ್ ಪೆಸಿಫಿಕಿನವರು 2014ರಲ್ಲಿ ಶೈಯೆನ್ ಊರಿನ ಕಾರ್ಖಾನೆಗೆ ತಂದು, ಬಿಚ್ಚಿ, ದುರಸ್ತಿ ಮಾಡಿ, 2019ರ ಮೇ ತಿಂಗಳಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು. ಕಲ್ಲಿದ್ದಲಿನ ಬದಲು ಎಣ್ಣೆಯುರಿಯುವಂತೆ ಅದರ ಕುಲುಮೆಯನ್ನು ಮಾರ್ಪಡಿಸಿದ್ದಾರೆ.