ಬದುವಿನ ಹುಣಸೆ: ಸೌದೆಗೆ ಕೊಡುವ ಮುನ್ನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಬದುಗಳಲ್ಲಿ ಅಜ್ಜಂದಿರ ಕಾಲದ ಹುಣಸೆ ಮರಗಳು ಇನ್ನೂ ನಿಂತಿವೆ. ಕೊಳವೆ ಬಾವಿಯ ಸಾಲಕ್ಕೋ, ಮನೆಯ ಮದುವೆಗೋ ಇವು ಕಣ್ಣಂದಾಜಿನ ಬೆಲೆಗೆ ಸೌದೆ ವ್ಯಾಪಾರಿಯ ಪಾಲಾಗುವುದುಂಟು. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯ ಒಲೆಗೂ ಇಟ್ಟಿಗೆ ಗೂಡಿಗೂ ಸೌದೆ ಬೇಕು, ನಿಜ. ಆದರೆ ಮರದ ಗುಣ ತಿಳಿಯದೆ ಮಾರುವುದು ನಷ್ಟದ ವ್ಯಾಪಾರ.

ಹುಣಸೆ ನಮ್ಮದೆಂದೇ ನಂಬಿದ್ದೇವೆ. ಅರಬರು ಇದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ಥಾನದ ಖರ್ಜೂರ ಎಂದರು. 1753ರಲ್ಲಿ ಲಿನೇಯಸ್ ಕೊಟ್ಟ ಹೆಸರಿನಲ್ಲೂ ‘ಇಂಡಿಕ’ ಸೇರಿತು. ಸಸ್ಯಶಾಸ್ತ್ರಜ್ಞರು ಹೇಳುವಂತೆ ಇದರ ತವರು ಉಷ್ಣವಲಯದ ಆಫ್ರಿಕ. ನಮ್ಮ ಕಾಫಿಯ ತವರೂ ಆ ಖಂಡವೇ ತಾನೆ!

ಎಳೆಯ ಮರದಲ್ಲಿ ಬಹುಪಾಲು ಮಾಸಲು ಹಳದಿಯ ಹೊರಭಾಗವೇ; ಅದಕ್ಕೆ ಹುಳು ಬೇಗ ಬೀಳುತ್ತದೆ. ಬೆಲೆಯುಳ್ಳದ್ದು ನಡುವಿನ ನೇರಳೆಗಂದು ಬಣ್ಣದ ಚೇಗು. ಅದು ಬಲಿತ ಮರದಲ್ಲಿ ಮಾತ್ರ ಸಿಗುತ್ತದೆ, ಅಲ್ಲೂ ಗಾತ್ರ ಕಡಿಮೆ. ಒಣಗಿದ ಹುಣಸೆ ಘನ ಅಡಿಗೆ ಸುಮಾರು 25 ಕೆ.ಜಿ. ತೂಗುತ್ತದೆ; ತೇಗವಾದರೆ 18ರ ಆಸುಪಾಸು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸುಲಭವಾಗಿ ಸೀಳುವುದಿಲ್ಲ. ಬಡಗಿ ಗೊಣಗುವುದೂ, ಗಾಣ, ಒನಕೆ, ಕೊಡತಿ, ಗುದ್ದಲಿಯ ಕಾವುಗಳಿಗೆ ಹಿರಿಯರು ಇದನ್ನೇ ಆರಿಸುತ್ತಿದ್ದುದೂ ಒಂದೇ ಕಾರಣಕ್ಕೆ. ಗಾಣ, ಒನಕೆಗಳು ಮೂಲೆ ಸೇರಿದರೂ ಮಾಂಸದಂಗಡಿಯ ಕೊರಡಿಗೆ ಇಂದಿಗೂ ಹುಣಸೆಯೇ ಬೇಕು. ಕತ್ತಿ ಎಷ್ಟು ಬಿದ್ದರೂ ಚಕ್ಕೆ ಏಳುವುದಿಲ್ಲ. ಆದ್ದರಿಂದ ದಪ್ಪ ಬೊಡ್ಡೆಯನ್ನು ಕೊಂಬೆಗಳ ಜೊತೆ ತೂಕಕ್ಕೆ ಹಾಕಬೇಡಿ. ಬೇರೆಯಾಗಿಯೇ ಬೆಲೆ ಕೇಳಿ. ಹಳೆಯ ಮರ ಒಳಗೆ ಪೊಳ್ಳಾಗಿರುವುದೂ ಉಂಟು, ತಟ್ಟಿ ನೋಡಿ.

ಕೊಯ್ಯುವುದಾದರೆ ಹಸಿಯಿದ್ದಾಗಲೇ ಕೊಯ್ಸಿ. ಒಣಗಿದ ಮೇಲೆ ಗರಗಸಕ್ಕೆ ಬಗ್ಗದು. ಹಲಗೆಗಳನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು.

ಇಷ್ಟಾಗಿಯೂ ಫಸಲು ಕೊಡುವ ಮರವನ್ನು ಉಳಿಸಿಕೊಳ್ಳುವುದೇ ಲಾಭವೆಂದು ನನ್ನ ಅಭಿಪ್ರಾಯ. ‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ’ ಎಂಬ ಗಾದೆ ಸುಳ್ಳಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಪುರಾತನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹೋಗಿ ನೋಡಿ ಬನ್ನಿ. ಹೊಸದಾಗಿ ನೆಡುವವರು ಕಸಿ ಗಿಡ ತನ್ನಿ, ನಾಲ್ಕೈದು ವರ್ಷಕ್ಕೆ ಕಾಯಿ ಹಿಡಿಯುತ್ತದೆ. ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಯಬೇಕು. ನೆರಳು ದಟ್ಟವಾದ್ದರಿಂದ ಅಡಿಕೆ, ಕಾಫಿಯ ಸಾಲಿನೊಳಗೆ ಬೇಡ, ಬದುವಿಗೇ ಇರಲಿ. ಕಡಿಯಲೇಬೇಕಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.